ಅಂಗಳದ ದಾರಿಗೆ ದೀಪ: ಮೊದಲು ವೈರು, ಆಮೇಲೆ ಅಂದ

ಗೇಟಿನಿಂದ ಮೆಟ್ಟಿಲವರೆಗೆ ಸಾಲಾಗಿ ಹಾಕಿದ ಎಲ್‌ಇಡಿ ದೀಪಗಳು ಒಂದು ಮಳೆಗಾಲ ಕಳೆಯುವುದರೊಳಗೆ ಕೈಕೊಟ್ಟರೆ, ಹೆಚ್ಚಿನ ಸಲ ಕೆಟ್ಟಿರುವುದು ಎಲ್‌ಇಡಿ ಅಲ್ಲ. ಡ್ರೈವರ್ (ಮನೆಯ 230 ವೋಲ್ಟನ್ನು ದೀಪಕ್ಕೆ ಬೇಕಾದ 12 ಅಥವಾ 24 ವೋಲ್ಟಿಗೆ ಇಳಿಸುವ ಡಬ್ಬಿ), ಇಲ್ಲವೇ ಮಣ್ಣಿನೊಳಗಿನ ಜಾಯಿಂಟು. ಹಾಗಾಗಿ ದೀಪದ ಚೆಂದ ನೋಡುವ ಮೊದಲು ಟೇಪು ಹಿಡಿದು ದಾರಿ ಅಳೆಯಿರಿ.

30 ಮೀಟರ್ ದಾರಿ ಎಂದಿಟ್ಟುಕೊಳ್ಳೋಣ. 3 ಮೀಟರಿಗೊಂದರಂತೆ 3 ವ್ಯಾಟಿನ 10 ದೀಪ ಸಾಕು. ಬಣ್ಣ 2700–3000 ಕೆಲ್ವಿನ್, ಅಂದರೆ ವಾರ್ಮ್ ವೈಟ್ ಇರಲಿ. 6500 ಕೆಲ್ವಿನ್ನಿನ ನೀಲಿಬಿಳಿ ಬೆಳಕಿಗೆ ಹುಳು ಹೆಚ್ಚು ಮುತ್ತುತ್ತವೆ. ಹುಳುವಿನ ಹಿಂದೆ ಕಪ್ಪೆ, ಕಪ್ಪೆಯ ಹಿಂದೆ ಹಾವು. ಮಲೆನಾಡಿನ ಅಂಗಳದಲ್ಲಿ ಇದು ಸಣ್ಣ ಮಾತಲ್ಲ.

ಈಗ ವೋಲ್ಟೇಜ್. 12 ವೋಲ್ಟಿನಲ್ಲಿ ಈ 30 ವ್ಯಾಟಿಗೆ 2.5 ಆಂಪಿಯರ್ ಹರಿಯಬೇಕು. 0.75 ಸ್ಕ್ವೇರ್ ಎಂಎಂ ವೈರ್ ಎಳೆದರೆ ಕೊನೆಯ ದೀಪ ಮುಟ್ಟುವಷ್ಟರಲ್ಲಿ ಸುಮಾರು 2 ವೋಲ್ಟ್ ಸೋರಿಹೋಗುತ್ತದೆ. ಅಗ್ಗದ ದೀಪಗಳಲ್ಲಿ ಮೂರು ಎಲ್‌ಇಡಿ ಸರಣಿಯಲ್ಲಿ ಸೇರಿ 9 ವೋಲ್ಟ್ ನುಂಗುತ್ತವೆ; ಉಳಿದ 3 ವೋಲ್ಟ್ ರೆಸಿಸ್ಟರ್ ಮೇಲೆ ಬಿದ್ದು ಕರೆಂಟನ್ನು ಹಿಡಿತದಲ್ಲಿಡುತ್ತದೆ. ದೀಪಕ್ಕೆ 10 ವೋಲ್ಟಷ್ಟೇ ಸಿಕ್ಕರೆ ರೆಸಿಸ್ಟರಿಗೆ ಉಳಿಯುವುದು 1 ವೋಲ್ಟ್. ಕರೆಂಟು ಅರ್ಧಕ್ಕಿಂತ ಕೆಳಗಿಳಿದು ದೀಪ ಮಂಕಾಗುತ್ತದೆ. 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಹಾಕಿದರೆ ನಷ್ಟ 1 ವೋಲ್ಟಿಗೆ ಇಳಿಯುತ್ತದೆ. ಅದೇ ವೈರಿನಲ್ಲಿ 24 ವೋಲ್ಟಿನ ದೀಪಗಳಿದ್ದರೆ ಅರ್ಧ ವೋಲ್ಟ್ ಮಾತ್ರ. 20 ಮೀಟರ್ ದಾಟಿದ ದಾರಿಗೆ 24 ವೋಲ್ಟೇ ಸರಿ. 12 ವೋಲ್ಟಿನ ದೀಪ ಈಗಾಗಲೇ ತಂದಾಗಿದ್ದರೆ ಡ್ರೈವರನ್ನು ದಾರಿಯ ನಡುವಿಗಿಟ್ಟು ಎರಡೂ ಕಡೆಗೆ ವೈರ್ ಎಳೆಯಿರಿ. ನಷ್ಟ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ.

ಡ್ರೈವರ್ ಕಾನ್‌ಸ್ಟಂಟ್ ವೋಲ್ಟೇಜ್ (ವೋಲ್ಟೇಜನ್ನು ಏರಿಳಿಸದೆ ಕೊಡುವ) ಬಗೆಯದು, ಐಪಿ67 (ಐಪಿ ಎಂದರೆ ಧೂಳು, ನೀರು ತಡೆಯುವ ಮಟ್ಟ ಹೇಳುವ ಸಂಖ್ಯೆ), 40 ವ್ಯಾಟಿಗೆ ಕಡಿಮೆಯಿಲ್ಲದ್ದು ಬೇಕು. 30 ವ್ಯಾಟಿನ ಹೊರೆಗೆ 30 ವ್ಯಾಟಿನದ್ದನ್ನೇ ಕೊಟ್ಟರೆ ಸದಾ ಬಿಸಿಯಾಗಿ ಒಳಗಿನ ಕೆಪಾಸಿಟರ್ ಬೇಗ ಒಣಗುತ್ತದೆ. ಮೈಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಸೂರಿನ ಅಥವಾ ಅಂಥದೇ ಮರೆಯ ಕೆಳಗೆ, ಗಾಳಿಯಾಡುವಲ್ಲಿ ಕೂರಿಸಿ. 230 ವೋಲ್ಟಿನ ಕಡೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಕಡಿದುಹಾಕುವ ಸ್ವಿಚ್ಚು) ಇರಲೇಬೇಕು; ಆ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ.

ನೆಲದ ಮೇಲೆ ನಿಲ್ಲುವ ದೀಪಕ್ಕೆ ಐಪಿ65 ಸಾಕು, ನೆಲದೊಳಗೆ ಹೂಳುವುದಕ್ಕೆ ಐಪಿ67 ಬೇಕು. ಹೂಳುವ ದೀಪದ ಕೆಳಗೆ ಒಂದಡಿ ಜಲ್ಲಿ ತುಂಬಿ. ನೀರು ಇಂಗದೆ ನಿಂತರೆ ಐಪಿ67 ಕೂಡ ಕಾಯದು, ನೀರಲ್ಲಿ ಮುಳುಗಿಸಿ ನೋಡುವ ಅದರ ಪರೀಕ್ಷೆ ನಡೆಯುವುದೇ ಅರ್ಧ ಗಂಟೆ. ಕರಾವಳಿಯ ಉಪ್ಪುಗಾಳಿಗೆ ಹಿತ್ತಾಳೆ ಅಥವಾ 316 ದರ್ಜೆಯ ಸ್ಟೀಲ್ ತಡೆಯುತ್ತದೆ. ಬಣ್ಣ ಬಳಿದ ಅಲ್ಯೂಮಿನಿಯಂ ಗೀರು ಬಿದ್ದಲ್ಲೆಲ್ಲ ಹಕ್ಕಳೆ ಏಳುತ್ತದೆ.

ಜಾಯಿಂಟಿಗೆ ಬರಿಯ ಇನ್ಸುಲೇಷನ್ ಟೇಪ್ ಸುತ್ತುವುದೇ ದೊಡ್ಡ ತಪ್ಪು. ಅಂಟು ಬಿಟ್ಟ ಕೂಡಲೇ ತೇವ ಒಳಹೋಗಿ, ಪ್ಲಸ್ ಕಡೆಯ ತಾಮ್ರ ಹಸಿರುಗಟ್ಟಿ ಸವೆಯುತ್ತದೆ. ಉರಿದ ದೀಪ ಆರಿ ತಣ್ಣಗಾಗುವಾಗ ಒಳಗಿನ ಗಾಳಿ ಕುಗ್ಗಿ, ವೈರಿನ ಎಳೆಗಳ ನಡುವಿನಿಂದಲೇ ನೀರು ದೀಪದೊಳಕ್ಕೆ ಏರುವುದೂ ಉಂಟು. ಜೆಲ್ ತುಂಬಿದ ಕನೆಕ್ಟರ್, ಇಲ್ಲವೇ ಒಳಗೆ ಅಂಟು ಬಳಿದ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಟ್ಯೂಬ್ ಬಳಸಿ.

ವೈರನ್ನು ಪಿವಿಸಿ ಪೈಪಿನಲ್ಲಿ ಎಳೆದು, ಒಂದಡಿ ಆಳದ ಕಾಲುವೆಯಲ್ಲಿ ಇಳಿಸಿ. ಮಣ್ಣು ಮುಚ್ಚುವ ಮೊದಲು ಎರಡು ಗಂಟೆ ದೀಪ ಉರಿಸಿ, ಕೊನೆಯ ದೀಪದಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ: 24ರ ಸಾಲಿನಲ್ಲಿ 23ಕ್ಕಿಂತ ಕಡಿಮೆ ತೋರಿಸಿದರೆ ಯಾವುದೋ ಜಾಯಿಂಟು ಸಡಿಲವಿದೆ. ಕಾಲುವೆ ತೆರೆದಿರುವಾಗಲೇ ಗೋಡೆಯಿಂದ ಅಳತೆ ಹಿಡಿದು ಫೋಟೊ ತೆಗೆದಿಡಿ. ಮುಂದೊಮ್ಮೆ ಗಿಡ ನೆಡುವಾಗ ಹಾರೆ ಎಲ್ಲಿ ಹಾಕಬಾರದೆಂದು ಅದನ್ನು ನೋಡಿಯೇ ಹೇಳಬೇಕಾಗುತ್ತದೆ.