ಉಪ್ಪುಕೆಸರಿನಲ್ಲಿ ಮಲಗಿದ ಮೊಟ್ಟೆಗಳನ್ನು ಒಡೆಸಿ ನೋಡುವ ಬಗೆ

ಜೌಗು ಬತ್ತುವ ಮೊದಲು ನೀರಿನ ಪುಟ್ಟ ಪ್ರಾಣಿಗಳಾದ ಡಾಫ್ನಿಯಾ, ರೋಟಿಫರ್, ಕೋಪೆಪಾಡ್‌ಗಳು ಗಟ್ಟಿ ಕವಚದ ಮೊಟ್ಟೆಗಳನ್ನು ಕೆಸರಿಗೆ ಬಿಟ್ಟು ಸಾಯುತ್ತವೆ. ಆ ಮೊಟ್ಟೆಗಳು ಎಷ್ಟಿವೆ, ಎಷ್ಟು ಉಪ್ಪಿನಲ್ಲಿ ಮರಿಯಾಗುತ್ತವೆ ಎಂದು ನೋಡುವ ಬಗೆ ಇದು. ಒಡೆದು ಮರಿಯಾಗಬಲ್ಲ ಮೊಟ್ಟೆಗಳು ಹೆಚ್ಚಾಗಿ ಸಿಗುವುದು ಮೇಲಿನ 2-5 ಸೆಂ.ಮೀ. ಪದರದಲ್ಲಿ. 5 ಸೆಂ.ಮೀ. ಅಗಲದ ಪಿವಿಸಿ ಪೈಪನ್ನು ಒತ್ತಿ, ಪ್ರತಿ ಜೌಗಿನಿಂದ ಕನಿಷ್ಠ 10 ಕಡೆಯ ಕೆಸರು ತೆಗೆಯಿರಿ. ಗಾಳಿ ತಳ್ಳಿದ ದಡದಲ್ಲಿ ಮೊಟ್ಟೆಗಳು ಗುಂಪುಗೂಡಿರುವುದರಿಂದ ಒಂದೇ ಜಾಗದ ಕೆಸರನ್ನು ನಂಬುವಂತಿಲ್ಲ. ನೀರಿನಲ್ಲಿ ಎಷ್ಟು ಉಪ್ಪಿದೆ ಎಂದು ತೋರಿಸುವ ವಿದ್ಯುದ್ವಾಹಕತೆಯನ್ನೂ ಅಲ್ಲೇ ಅಳೆದು ಬರೆದಿಟ್ಟುಕೊಳ್ಳಿ. ಕೆಸರನ್ನು ಚೀಲಕ್ಕೆ ತುಂಬಿ 4 ಡಿಗ್ರಿಯ ಕತ್ತಲಲ್ಲಿ ಕನಿಷ್ಠ 4 ವಾರ ಇಡಿ. ಬೆಚ್ಚಗೆ ಬೆಳಕಿನಲ್ಲಿ ಇಟ್ಟರೆ ಚೀಲದಲ್ಲೇ ಮರಿಯಾಗಿಬಿಡುತ್ತವೆ.

ಎಣಿಸುವುದಕ್ಕೆ ಸಕ್ಕರೆ ಸಾಕು. ಲೀಟರ್ ನೀರಿಗೆ 1 ಕೆಜಿ ಸಕ್ಕರೆ ಕರಗಿಸಿ, 35 ಮೈಕ್ರಾನ್ ಜರಡಿಯಲ್ಲಿ ತೊಳೆದ ಕೆಸರನ್ನು ಅದರಲ್ಲಿ ಕದಡಿ, 3000 ಆರ್‌ಪಿಎಂನಲ್ಲಿ 5 ನಿಮಿಷ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ. ತೇಲಿದ್ದನ್ನು ತಕ್ಷಣ ಜರಡಿಗೆ ಸುರಿದು ನೀರಲ್ಲಿ ತೊಳೆಯಿರಿ. ತಡಮಾಡಿದರೆ ಸಕ್ಕರೆ ಮೊಟ್ಟೆಯೊಳಗಿನ ನೀರನ್ನು ಹೀರುತ್ತದೆ. ಡಾಫ್ನಿಯಾದ ಮೊಟ್ಟೆಚೀಲ ಎಫಿಪಿಯಂ, ಕುದುರೆಯ ಜೀನಿನ ಆಕಾರದ್ದು, ಕಪ್ಪು. ಸೂಜಿಯಿಂದ ಬಿಡಿಸಿ ನೋಡಿ: ಒಳಗೆ ಸಾಮಾನ್ಯವಾಗಿ ಎರಡು ಮೊಟ್ಟೆ. ದುಂಡಗೆ ತುಂಬಿಕೊಂಡಿದ್ದರೆ ಎಣಿಸಿ, ಸುಕ್ಕಾಗಿದ್ದರೆ ಅಥವಾ ಬೂಷ್ಟು ಹಿಡಿದಿದ್ದರೆ ಬಿಡಿ. ಖಾಲಿ ಚೀಲಗಳೇ ಬಹಳ ಸಿಗುತ್ತವೆ. ಅವನ್ನೂ ಎಣಿಸಿದರೆ ಲೆಕ್ಕ ಸುಳ್ಳಾಗುತ್ತದೆ.

ಒಡೆಸುವುದಕ್ಕೆ ಟ್ರೇಯಲ್ಲಿ ಕೆಸರನ್ನು 1 ಸೆಂ.ಮೀ. ಮೀರದಂತೆ ಹರಡಿ, ಹೂತ ಮೊಟ್ಟೆಗೆ ಬೆಳಕೂ ಆಮ್ಲಜನಕವೂ ತಲುಪುವುದಿಲ್ಲ. ಲೀಟರಿಗೆ 0.5, 1, 2.5, 5, 10 ಗ್ರಾಂ ಉಪ್ಪು, ಪ್ರತಿ ಮಟ್ಟಕ್ಕೂ 4 ಟ್ರೇ. ಸಮುದ್ರದುಪ್ಪೇ ಒಳ್ಳೆಯದು, ಬರೀ ಸೋಡಿಯಂ ಕ್ಲೋರೈಡ್‌ನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದಿಲ್ಲ. ಕ್ಲೋರಿನ್ ಹಾಕಿದ ನಲ್ಲಿನೀರು ಬೇಡ. ಉಪ್ಪುಜೌಗಿನ ಕೆಸರು ತನ್ನದೇ ಉಪ್ಪನ್ನು ಬಿಡುವುದರಿಂದ ಮರುದಿನ ಮತ್ತೆ ಅಳೆಯಿರಿ. ನೀರು ಆವಿಯಾದಷ್ಟನ್ನು ಬಟ್ಟಿಯಿಳಿಸಿದ ನೀರಿನಿಂದಲೇ ತುಂಬಬೇಕು. ಉಪ್ಪುನೀರು ಸುರಿದರೆ 5 ಗ್ರಾಂ ಟ್ರೇ ವಾರ ಕಳೆಯುವಷ್ಟರಲ್ಲಿ 5ರದ್ದಾಗಿ ಉಳಿದಿರುವುದಿಲ್ಲ. ಬೇಯಿಸಿ ಮೊಟ್ಟೆ ಸಾಯಿಸಿದ ಕೆಸರಿನ ಟ್ರೇಯೂ ಒಂದಿರಲಿ. ಅದರಲ್ಲಿ ಮರಿ ಕಂಡರೆ ಪಿಪೆಟ್ಟೋ ಜರಡಿಯೋ ಒಂದು ಟ್ರೇಯಿಂದ ಇನ್ನೊಂದಕ್ಕೆ ಮೊಟ್ಟೆ ಹೊತ್ತಿದೆ ಎಂದರ್ಥ.

20-25 ಡಿಗ್ರಿ, ದಿನಕ್ಕೆ 12-16 ತಾಸು ಬೆಳಕು, 4-6 ವಾರ. ಎರಡು ದಿನಕ್ಕೊಮ್ಮೆ ಮರಿಗಳನ್ನು ಎಣಿಸಿ ಹೊರತೆಗೆಯಿರಿ. ರೋಟಿಫರ್‌ಗಳು ಗಂಡಿಲ್ಲದೆಯೇ ಕೆಲವೇ ದಿನಗಳಲ್ಲಿ ಹೆಚ್ಚಿಕೊಳ್ಳುತ್ತವೆ. ಬಿಟ್ಟರೆ ನೀವು ಎಣಿಸುವುದು ಒಡೆದ ಮೊಟ್ಟೆಗಳನ್ನಲ್ಲ, ಅವುಗಳ ಸಂತಾನವನ್ನು.

ಕೊನೆಗೆ ಹಲವರು ಬಿಡುವ ಹೆಜ್ಜೆ: ಮೊಟ್ಟೆ ಒಡೆಯದ ಟ್ರೇಗಳ ಕೆಸರನ್ನು ತೊಳೆದು ಸಿಹಿನೀರಿಗೆ ಹಾಕಿ ಇನ್ನೂ 3 ವಾರ ಕಾಯಿರಿ. ಆಗ ಮರಿ ಬಂದರೆ ಉಪ್ಪು ಆ ಮೊಟ್ಟೆಗಳನ್ನು ಕೊಂದಿರಲಿಲ್ಲ, ತಡೆದಿತ್ತಷ್ಟೇ. ಬಾರದಿದ್ದರೆ ಕೆಲವನ್ನು ಸೂಜಿಯಿಂದ ಬಿಡಿಸಿ ನೋಡಿ. ಇನ್ನೂ ದುಂಡಗೆ ತುಂಬಿಕೊಂಡಿದ್ದರೆ ಅವನ್ನು ಸತ್ತವೆಂದು ಬರೆಯಬೇಡಿ.