ಮೊದಲು ರಾತ್ರಿ ಗೊತ್ತುಮಾಡಿ, ಆಮೇಲೆ ಹಗಲು: ಶಿಕಾಗೊದಿಂದ ನ್ಯೂ ಆರ್ಲಿಯನ್ಸ್‌ಗೆ ಕಾರಿನಲ್ಲಿ

ಅಮೆರಿಕದಲ್ಲಿ ರೋಡ್ ಟ್ರಿಪ್ ಎಂದೊಡನೆ ಎಲ್ಲರ ಬಾಯಲ್ಲೂ ಬರುವುದು ಲಾಸ್ ವೇಗಸ್, ಗ್ರ್ಯಾಂಡ್ ಕ್ಯಾನ್ಯನ್. ತಪ್ಪೇನಿಲ್ಲ. ಆದರೆ ಹಗಲು ನೋಡಲು ಹೆಸರುವಾಸಿ ಜಾಗಗಳೂ ರಾತ್ರಿ ಕೂತು ಕೇಳಲು ಒಳ್ಳೆಯ ಸಂಗೀತವೂ ಬೇಕು ಎನ್ನುವ ಗೆಳೆಯರ ಗುಂಪಿಗೆ ನಾನು ಹೇಳುವುದು ಬೇರೆ ದಾರಿ: ಶಿಕಾಗೊದಿಂದ ಹೊರಟು, ಸೇಂಟ್ ಲೂಯಿಸ್‌ನಲ್ಲಿ ಮಿಸಿಸಿಪ್ಪಿ ನದಿಯನ್ನು ಹಿಡಿದು, ಅದರ ಜೊತೆಗೇ ನ್ಯೂ ಆರ್ಲಿಯನ್ಸ್‌ವರೆಗೆ ಇಳಿಯುವುದು. ಐ-55 ಹೆದ್ದಾರಿಯಲ್ಲಿ ನೇರ ಹೋದರೆ ಸುಮಾರು 1,500 ಕಿ.ಮೀ. ದಕ್ಷಿಣದ ಹತ್ತಿ ಹೊಲಗಳನ್ನು ಬಿಟ್ಟು ಕೆಲಸ ಹುಡುಕಿಕೊಂಡು ಹೊರಟ ಕಪ್ಪು ಜನರ ಜೊತೆ ಬ್ಲೂಸ್ ಸಂಗೀತ ಶಿಕಾಗೊ ಸೇರಿತು. ನೀವು ಅದರ ತವರಿನ ಕಡೆಗೆ ಹೋಗುತ್ತೀರಿ.

ಮೊದಲ ಹೆಜ್ಜೆ: ರಾತ್ರಿಗಳನ್ನು ಹಂಚಿ

ಹೆಚ್ಚಿನವರು ನಕ್ಷೆ ಹಿಡಿದು, ಯಾವ ದಿನ ಎಷ್ಟು ದೂರ ಎಂದು ಬರೆಯುತ್ತಾರೆ. ಹಾಗೆ ಮಾಡಿದರೆ ಸಂಜೆ ಊರು ಮುಟ್ಟುವಾಗ ಎಲ್ಲರಿಗೂ ತೂಕಡಿಕೆ. ರಾತ್ರಿ ಒಂದು ಗಂಟೆಯವರೆಗೆ ಕ್ಲಬ್ಬಿನಲ್ಲಿ ಕೂತವರು ಬೆಳಿಗ್ಗೆ ಏಳಕ್ಕೆ ಸ್ಟಿಯರಿಂಗ್ ಹಿಡಿಯಬಾರದು. ಇದನ್ನು ಮೊದಲೇ ಒಪ್ಪಿಕೊಂಡು ಲೆಕ್ಕ ಹಾಕಿ. ಶಿಕಾಗೊ ಎರಡು ರಾತ್ರಿ, ಸೇಂಟ್ ಲೂಯಿಸ್ ಒಂದು, ಮೆಂಫಿಸ್ ಎರಡು, ಕ್ಲಾರ್ಕ್ಸ್‌ಡೇಲ್ ಒಂದು, ನ್ಯಾಚೆಜ್ ಒಂದು, ನ್ಯೂ ಆರ್ಲಿಯನ್ಸ್ ಮೂರು. ಹೀಗಾದರೆ ಯಾವ ದಿನವೂ ಐದು ಗಂಟೆಗಿಂತ ಹೆಚ್ಚು ಓಡಿಸಬೇಕಾಗಿಲ್ಲ. ಕ್ಲಾರ್ಕ್ಸ್‌ಡೇಲ್ ಚಿಕ್ಕ ಊರು, ಅದಕ್ಕೆ ಶುಕ್ರವಾರ ಇಲ್ಲವೇ ಶನಿವಾರದ ರಾತ್ರಿ ಬೀಳುವಂತೆ ಹೊಂದಿಸಿಕೊಳ್ಳಿ.

ಕಾಲ ಯಾವುದು? ಅಕ್ಟೋಬರ್. ಶಿಕಾಗೊದಲ್ಲಿ ಹಿಮ ಇನ್ನೂ ಶುರುವಾಗಿರುವುದಿಲ್ಲ, ದಕ್ಷಿಣದಲ್ಲಿ ಸೆಕೆ ಇಳಿದಿರುತ್ತದೆ. ಫೆಬ್ರುವರಿ-ಮಾರ್ಚ್‌ನ ಮಾರ್ಡಿ ಗ್ರಾ ಹಬ್ಬದ ಹೊತ್ತಿಗೆ ನ್ಯೂ ಆರ್ಲಿಯನ್ಸ್‌ನಲ್ಲಿ ಕೋಣೆ ಬಾಡಿಗೆ ಕೇಳಿದರೇ ನಶೆ ಇಳಿದುಹೋಗುತ್ತದೆ.

ಕಾರು, ಕಾಗದ, ಕಾರ್ಡು

ಭಾರತದಿಂದ ಹೋಗುವವರು ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಒಂದು ವರ್ಷ ನಡೆಯುತ್ತದೆ, ಆದರೆ ಜೊತೆಯಲ್ಲಿ ಊರಿನ ಡಿಎಲ್ ಇಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಬಾಡಿಗೆ ಕಾರು ಯಾರ ಹೆಸರಿನಲ್ಲಿದೆಯೋ ಅವರದೇ ಕ್ರೆಡಿಟ್ ಕಾರ್ಡ್ ಬೇಕು. ಠೇವಣಿಯಾಗಿ ಒಂದಷ್ಟು ಹಣ ತಡೆಹಿಡಿಯುತ್ತಾರೆ. 25 ವರ್ಷ ತುಂಬದವರಿಗೆ ಸಾಮಾನ್ಯವಾಗಿ ಹೆಚ್ಚುವರಿ ಶುಲ್ಕವಿದೆ. ಇಬ್ಬರು ಓಡಿಸುವುದಾದರೆ ಇಬ್ಬರ ಹೆಸರೂ ಕರಾರಿನಲ್ಲಿರಲಿ, ಇಲ್ಲದಿದ್ದರೆ ಅಪಘಾತವಾದಾಗ ವಿಮೆ ಕೈಕೊಡುತ್ತದೆ. ಒಂದು ಊರಿನಲ್ಲಿ ತೆಗೆದುಕೊಂಡು ಇನ್ನೊಂದು ಊರಿನಲ್ಲಿ ಬಿಡುವುದಕ್ಕೂ ಪ್ರತ್ಯೇಕ ಶುಲ್ಕ ಬೀಳಬಹುದು. ವಿಮೆಯಲ್ಲಿ ಎರಡು ಭಾಗ ಗಮನಿಸಿ: ಬಾಡಿಗೆ ಕಾರಿಗೆ ಆಗುವ ಹಾನಿ ಒಂದು, ನಿಮ್ಮಿಂದ ಬೇರೆಯವರಿಗೆ ಆಗುವ ಹಾನಿ ಇನ್ನೊಂದು. ಎರಡನೆಯದರಲ್ಲಿ ಜಿಪುಣತನ ಬೇಡ.

ಪೆಟ್ರೋಲ್ ಬಂಕಿನಲ್ಲಿ ತುಂಬಿಕೊಡುವವರು ಯಾರೂ ಇರುವುದಿಲ್ಲ. ಪಂಪು ಜಿಪ್ ಕೋಡ್ (ಅಲ್ಲಿನ ಪಿನ್‌ಕೋಡ್) ಕೇಳಿ ನಮ್ಮ ಕಾರ್ಡನ್ನು ತಿರಸ್ಕರಿಸಿದರೆ ಒಳಗೆ ಹೋಗಿ, ಪಂಪಿನ ನಂಬರ್ ಹೇಳಿ, ಇಷ್ಟು ಡಾಲರ್ ಎಂದು ಮುಂಗಡ ಕೊಟ್ಟು ಬನ್ನಿ. ಹಸಿರು ಹಿಡಿಕೆ ಸಾಮಾನ್ಯವಾಗಿ ಡೀಸೆಲ್, ಮುಟ್ಟಬೇಡಿ.

ರಸ್ತೆಯ ಮೇಲೆ

ಬಲಬದಿಯ ಓಡಾಟ ಒಂದು ಗಂಟೆಯಲ್ಲಿ ರೂಢಿಯಾಗುತ್ತದೆ. ಬೇಗ ರೂಢಿಯಾಗದ್ದು ಸ್ಟಾಪ್ ಫಲಕ. ಅಲ್ಲಿ ನಿಧಾನಿಸಿದರೆ ಸಾಲದು, ರಸ್ತೆ ಖಾಲಿಯಿದ್ದರೂ ಚಕ್ರ ಪೂರ್ತಿ ನಿಲ್ಲಬೇಕು. ನಾಲ್ಕೂ ಕಡೆ ಸ್ಟಾಪ್ ಇದ್ದರೆ ಮೊದಲು ಬಂದವರು ಮೊದಲು ಹೋಗುತ್ತಾರೆ. ಹಾರ್ನ್ ಹೊಡೆದು ನುಗ್ಗುವ ನಮ್ಮ ವಿದ್ಯೆ ಇಲ್ಲಿ ನಡೆಯದು. ಹಳದಿ ಶಾಲಾ ಬಸ್ಸು ಕೆಂಪು ದೀಪ ಮಿನುಗಿಸುತ್ತಾ ನಿಂತರೆ ನೀವೂ ನಿಲ್ಲಬೇಕು. ಪೊಲೀಸರು ಹಿಂದಿನಿಂದ ದೀಪ ಹಾಕಿದರೆ ಬಲಕ್ಕೆ ನಿಲ್ಲಿಸಿ, ಒಳಗೇ ಕೂತು, ಕೈ ಸ್ಟಿಯರಿಂಗ್ ಮೇಲಿಟ್ಟುಕೊಳ್ಳಿ. ಗೌರವಕ್ಕೆಂದು ಇಳಿದು ಹತ್ತಿರ ಹೋಗುವುದನ್ನು ಅವರು ಬೇರೆಯೇ ಅರ್ಥದಲ್ಲಿ ತೆಗೆದುಕೊಳ್ಳುತ್ತಾರೆ.

ಶಿಕಾಗೊ: ಕಾರೇ ಬೇಡ

ಇಲ್ಲಿ ಇಳಿದ ದಿನವೇ ಕಾರು ತೆಗೆದುಕೊಂಡರೆ ಪಾರ್ಕಿಂಗ್‌ಗೆ ದುಡ್ಡು ಸುರಿಯಬೇಕು. ಓ'ಹೇರ್ ವಿಮಾನ ನಿಲ್ದಾಣದಿಂದ ಊರೊಳಗೆ ಬರುವ ಬ್ಲೂ ಲೈನ್ ರೈಲು ದಿನದ 24 ಗಂಟೆಯೂ ಓಡುತ್ತದೆ. ಹಗಲು ಮಿಷಿಗನ್ ಅವೆನ್ಯೂ ಕಡೆ ಹೋಗಿ. 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಮಾತಾಡಿದ್ದು ಈಗಿನ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡದಲ್ಲಿ. ಅದರ ಎದುರಿನ ಆಡಮ್ಸ್ ಬೀದಿಯಲ್ಲೇ ಹೆಸರಾಂತ ಹಳೆಯ ಹೆದ್ದಾರಿ ರೂಟ್ 66 ಇಲ್ಲಿಂದ ಶುರು ಎನ್ನುವ ಕಂದು ಫಲಕವಿದೆ. ಎರಡೂ ಫೋಟೊ ಒಂದೇ ನಿಲುಗಡೆಯಲ್ಲಿ ಮುಗಿಯುತ್ತದೆ.

ರಾತ್ರಿಗೆ, ಬ್ಲೂಸ್ ಬೇಕಾದರೆ ಕಿಂಗ್‌ಸ್ಟನ್ ಮೈನ್ಸ್, ಜಾಜ್ ಬೇಕಾದರೆ ಗ್ರೀನ್ ಮಿಲ್. ಪಾಸ್‌ಪೋರ್ಟ್ ಜೇಬಿನಲ್ಲಿರಲಿ: 21 ತುಂಬಿದ ಪುರಾವೆ ಕೇಳುತ್ತಾರೆ, ತಲೆ ನರೆತಿದ್ದರೂ ಕೇಳುತ್ತಾರೆ. ಬಾಗಿಲಲ್ಲಿ ಕವರ್ ಚಾರ್ಜ್, ಅಂದರೆ ಪ್ರವೇಶ ಶುಲ್ಕ, ಇರುತ್ತದೆ. ಬಾರಿನಲ್ಲಿ ಕಾರ್ಡ್ ಕೊಟ್ಟು ಟ್ಯಾಬ್ (ಕೊನೆಗೆ ಒಟ್ಟಿಗೆ ತೀರಿಸುವ ಲೆಕ್ಕ) ತೆರೆದರೆ ಹೊರಡುವ ಮುನ್ನ ಮುಚ್ಚಿಸಿ ಕಾರ್ಡ್ ವಾಪಸ್ ಪಡೆಯಿರಿ. ಗುಂಪಿಗೆಲ್ಲ ಒಂದೇ ಟ್ಯಾಬ್ ಎನ್ನುವ ದೊಡ್ಡಸ್ತಿಕೆ ಬೆಳಿಗ್ಗೆ ಜಗಳಕ್ಕೆ ದಾರಿ.

ಸೇಂಟ್ ಲೂಯಿಸ್, ಮೆಂಫಿಸ್

ಸೇಂಟ್ ಲೂಯಿಸ್‌ಗೆ ಸುಮಾರು 480 ಕಿ.ಮೀ. ದಾರಿಯಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಲಿಂಕನ್ ವಾಸವಿದ್ದ ಮನೆ ನೋಡಬಹುದು. ಸೇಂಟ್ ಲೂಯಿಸ್‌ನ ಹೆಗ್ಗುರುತು 1965ರಲ್ಲಿ ಕಟ್ಟಿ ಮುಗಿಸಿದ ಗೇಟ್‌ವೇ ಆರ್ಚ್ ಎಂಬ ಕಮಾನು. ಎತ್ತರ 630 ಅಡಿ, ಕಾಲುಗಳ ನಡುವಿನ ಅಗಲವೂ 630 ಅಡಿ. ಐದೈದು ಜನ ಕೂರುವ ಪುಟ್ಟ ಡಬ್ಬಿಗಳಲ್ಲಿ ಮೇಲೇರಬೇಕು, ವಾಷಿಂಗ್ ಮಷೀನಿನ ಡ್ರಮ್ಮಿನೊಳಗೆ ಮುದುರಿ ಕೂತ ಹಾಗೆ. ಮುಚ್ಚಿದ ಜಾಗಕ್ಕೆ ಹೆದರುವ ಗೆಳೆಯರಿಗೆ ಮೊದಲೇ ಹೇಳಿಬಿಡಿ. ಟಿಕೆಟ್ ಮುಂಚೆಯೇ ಕಾಯ್ದಿರಿಸಿ.

ಮೆಂಫಿಸ್ ಅವಸರದ ಊರಲ್ಲ. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಕ್ಕಿ ಕೊಂದ ಲೊರೇನ್ ಮೋಟೆಲ್ ಈಗ ನಾಗರಿಕ ಹಕ್ಕುಗಳ ಮ್ಯೂಸಿಯಂನ ಭಾಗ. ಅರ್ಧ ದಿನ ಅದಕ್ಕೇ ಇಡಿ, ವಾರದ ರಜೆ ಯಾವ ದಿನ ಎಂಬುದನ್ನೂ ನೋಡಿಕೊಳ್ಳಿ. ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿಯ ಮನೆ ಗ್ರೇಸ್‌ಲ್ಯಾಂಡ್‌ಗೆ ಟಿಕೆಟ್ ದುಬಾರಿ; ಒಂದನ್ನೇ ಆರಿಸಬೇಕಾದರೆ 1954ರಲ್ಲಿ ಆತ ಮೊದಲ ಹಿಟ್ ಧ್ವನಿಮುದ್ರಿಸಿದ ಸನ್ ಸ್ಟುಡಿಯೊ ಸಾಕು ಎನ್ನುವುದು ನನ್ನ ಮತ. ರಾತ್ರಿ ಬ್ಲೂಸ್ ಕ್ಲಬ್ಬುಗಳ ಬೀಲ್ ಸ್ಟ್ರೀಟ್. ಅಲ್ಲಿಗೆ ನಡೆದು ಹೋಗುವಷ್ಟು ಹತ್ತಿರ ಹೋಟೆಲ್ ಹಿಡಿಯಿರಿ, ಕಾರು ಪಾರ್ಕಿಂಗ್‌ನಲ್ಲೇ ಇರಲಿ. ಈ ದಾರಿಯ ಆರೂ ರಾಜ್ಯಗಳಲ್ಲಿ ಚಾಲಕರ ರಕ್ತದಲ್ಲಿ ಮದ್ಯದ ಮಿತಿ ಶೇ 0.08. ಆ ಲೆಕ್ಕ ಹಾಕುತ್ತಾ ಕೂರುವುದಕ್ಕಿಂತ ಕುಡಿದ ರಾತ್ರಿ ಕೀ ಮುಟ್ಟುವುದಿಲ್ಲ ಎಂದು ಎಲ್ಲರೂ ಒಪ್ಪಿಕೊಳ್ಳುವುದು ಸುಲಭ. ಸೀಲ್ ಒಡೆದ ಬಾಟಲಿ ಕಾರಿನೊಳಗೆ ಬೇಡ. ಸೀಟಿನ ಮೇಲೆ ಬ್ಯಾಗೂ ಬೇಡ, ಗಾಜು ಒಡೆದು ಕದಿಯುವ ಕಾಟ ಇಲ್ಲೂ ಇದೆ, ನ್ಯೂ ಆರ್ಲಿಯನ್ಸ್‌ನಲ್ಲೂ ಇದೆ. ಇನ್ನೊಂದು: ಇಲಿನಾಯ್, ಮಿಸೌರಿಗಳಲ್ಲಿ ಗಾಂಜಾ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಕೇಂದ್ರ ಕಾನೂನಿನಲ್ಲಿ ಅದು ಅಪರಾಧವೇ, ವೀಸಾ ಮೇಲೆ ಬಂದವರಿಗೆ ಈ ಮೋಜು ಬೇಡ.

ಹೈವೇ 61

ಮೆಂಫಿಸ್‌ನಲ್ಲಿ ಐ-55 ಬಿಟ್ಟು ಹಳೆಯ ಹೈವೇ 61 ಹಿಡಿಯಿರಿ. ಚಪ್ಪಟೆ ಹೊಲಗಳ ನಡುವೆ ಒಂದೂವರೆ ಗಂಟೆಗೆ ಕ್ಲಾರ್ಕ್ಸ್‌ಡೇಲ್. 61 ಮತ್ತು 49ನೇ ಹೆದ್ದಾರಿಗಳು ಕೂಡುವಲ್ಲಿ ಗಿಟಾರುಗಳ ಕಂಬವಿದೆ. ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ಸೈತಾನನಿಗೆ ಆತ್ಮ ಮಾರಿ ಗಿಟಾರ್ ವಿದ್ಯೆ ಪಡೆದನೆಂಬ ದಂತಕತೆಯನ್ನು ಈ ಊರು ತನ್ನದೆನ್ನುತ್ತದೆ. ಹಗಲು ಡೆಲ್ಟಾ ಬ್ಲೂಸ್ ಮ್ಯೂಸಿಯಂ, ರಾತ್ರಿ ಗ್ರೌಂಡ್ ಜೀರೊ ಎಂಬ ಬ್ಲೂಸ್ ಕ್ಲಬ್. ಸಸ್ಯಾಹಾರಿಗಳಿಗೆ ಈ ಭಾಗ ಕಷ್ಟ. ಬೀನ್ಸ್, ಸೊಪ್ಪಿನ ಪಲ್ಯದಲ್ಲೂ ಹಂದಿಮಾಂಸ ಬೆರೆಸುವುದುಂಟು, ಕೇಳಿಯೇ ತಿನ್ನಿ. ಅವಲಕ್ಕಿ, ಚಟ್ನಿಪುಡಿ ಡಿಕ್ಕಿಯಲ್ಲಿದ್ದರೆ ನಾಚಿಕೆಯೇನಿಲ್ಲ. ಮುಂದೆ ವಿಕ್ಸ್‌ಬರ್ಗ್‌ನ ಅಂತರ್ಯುದ್ಧದ ರಣಭೂಮಿ ನೋಡಿ, ನ್ಯಾಚೆಜ್‌ನಲ್ಲಿ ನದಿ ದಂಡೆ ಮೇಲೆ ಒಂದು ಸಂಜೆ ಸುಮ್ಮನೆ ಕಳೆಯಿರಿ.

ನ್ಯೂ ಆರ್ಲಿಯನ್ಸ್: ಮೊದಲು ಕಾರು ವಾಪಸ್

ಬ್ಯಾಟನ್ ರೂಜ್ ದಾಟಿ ಐ-10ರಲ್ಲಿ ಬಂದರೆ ಊರಿಗಿಂತ ಮೊದಲು ವಿಮಾನ ನಿಲ್ದಾಣ ಸಿಗುತ್ತದೆ. ಟ್ಯಾಂಕ್ ತುಂಬಿಸಿ, ಕಾರನ್ನು ಅಲ್ಲೇ ಒಪ್ಪಿಸಿಬಿಡಿ. ಊರಿನ ಹಳೆಯ ಭಾಗವಾದ ಫ್ರೆಂಚ್ ಕ್ವಾರ್ಟರ್‌ನ ಕಿರಿದಾದ ಬೀದಿಗಳಲ್ಲಿ ಅದು ಬರೀ ಹೊರೆ. ಪ್ಲಾಸ್ಟಿಕ್ ಲೋಟದಲ್ಲಿ ಮದ್ಯ ಹಿಡಿದು ಬೀದಿಯಲ್ಲಿ ನಡೆಯಲು ಇಲ್ಲಿ ಅಡ್ಡಿಯಿಲ್ಲ, ಗಾಜಿನದಾದರೆ ಇದೆ. ಬರ್ಬನ್ ಸ್ಟ್ರೀಟ್ ಅನ್ನು ಒಮ್ಮೆ ಉದ್ದಕ್ಕೂ ನಡೆದು ನೋಡಿದರೆ ಸಾಕು, ಗದ್ದಲವೇ ಹೆಚ್ಚು. 1961ರಿಂದ ನಡೆಯುತ್ತಿರುವ ಪ್ರಿಸರ್ವೇಶನ್ ಹಾಲ್‌ನಲ್ಲಿ ಮದ್ಯ ಸಿಗುವುದಿಲ್ಲ, ಮುಕ್ಕಾಲು ಗಂಟೆಯ ಜಾಜ್ ಸಿಗುತ್ತದೆ; ಕುಡಿಯದ ಗೆಳೆಯರಿಗೆ ಅದೇ ಸರಿ. ಉಳಿದ ರಾತ್ರಿಗಳೆಲ್ಲ ಫ್ರೆಂಚ್‌ಮನ್ ಸ್ಟ್ರೀಟ್‌ಗೆ. ಅಲ್ಲಿ ಎಷ್ಟೋ ಕಡೆ ಪ್ರವೇಶಕ್ಕೆ ದುಡ್ಡಿಲ್ಲ, ವಾದಕರ ಸಂಪಾದನೆಯ ದೊಡ್ಡ ಪಾಲು ಬಕೆಟ್ಟಿಗೆ ಬೀಳುವ ನೋಟು. ಒಂದು, ಐದು ಡಾಲರ್‌ಗಳ ಚಿಲ್ಲರೆಯನ್ನು ಸಂಜೆಯೇ ಮಾಡಿಟ್ಟುಕೊಳ್ಳಿ, ಬಕೆಟ್ ನಿಮ್ಮ ಮೇಜಿಗೂ ಬರುತ್ತದೆ.