ಕ್ರಿಮಿನಲ್ ಲಾ ಪಾಠ ಮಾಡಬೇಕಾ? ಮೊದಲು ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂರಿ

ಕೊನೆ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ಒಬ್ಬಿಬ್ಬರು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. "ಮೇಡಂ, ನಿಮ್ಮ ಹಾಗೆ ಪಾಠ ಮಾಡೋಕೆ ಏನು ಓದಬೇಕು?" ಓದುವುದನ್ನು ಹೇಳುವುದು ಸುಲಭ. ಮಿಕ್ಕಿದ್ದನ್ನು ಹೇಳುವಷ್ಟರಲ್ಲಿ ಬೆಲ್ ಹೊಡೆದಿರುತ್ತದೆ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವಳು. ಆರು ವರ್ಷ ವಕೀಲಿಕೆ ಮಾಡಿ, ಈಗ ಹದಿನಾಲ್ಕು ವರ್ಷದಿಂದ ಶಿವಮೊಗ್ಗದಲ್ಲಿ ಕ್ರಿಮಿನಲ್ ಲಾ ಪಾಠ ಮಾಡುತ್ತಿದ್ದೇನೆ.

ಓದಿನ ದಾರಿ ಹೀಗಿದೆ. ಪಿಯುಸಿ ಆದ ಮೇಲೆ ಐದು ವರ್ಷದ ಕೋರ್ಸು, ಇಲ್ಲವೇ ಡಿಗ್ರಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ. ಇದಕ್ಕೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ, ಶಿವಮೊಗ್ಗದಲ್ಲೇ ಓದಬಹುದು. ಆಮೇಲೆ ಎಲ್‌ಎಲ್‌ಎಂ. ಅದರಲ್ಲಿ ಕ್ರಿಮಿನಲ್ ಲಾ ವಿಭಾಗವನ್ನೇ ಆರಿಸಿಕೊಳ್ಳಿ. ಜನರಲ್ ಕೆಟಗರಿಯವರಾದರೆ 55 ಪರ್ಸೆಂಟ್ ಕೈಬಿಡಬೇಡಿ, ಅದಿಲ್ಲದೆ ಮುಂದಿನ ಬಾಗಿಲು ತೆರೆಯುವುದಿಲ್ಲ. ಆ ಬಾಗಿಲು ಅಂದರೆ ಕಾಲೇಜು ಅಧ್ಯಾಪಕರಾಗಲು ಬರೆಯುವ ಅರ್ಹತಾ ಪರೀಕ್ಷೆ: ದೇಶಮಟ್ಟದ ನೆಟ್ ಅಥವಾ ನಮ್ಮ ರಾಜ್ಯದ ಕೆ-ಸೆಟ್.

ನೆಟ್‌ನಲ್ಲಿ ಎರಡು ಪೇಪರ್ ಸೇರಿ 150 ಪ್ರಶ್ನೆ, 300 ಅಂಕ, ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಲಾ ಓದಿದವರು ಮುಗ್ಗರಿಸುವುದು ಲಾ ಪೇಪರಿನಲ್ಲಲ್ಲ, ಮೊದಲ ಪೇಪರಿನಲ್ಲಿ. ಅಲ್ಲಿ ಬರುವುದು ಬೋಧನೆ, ಸಂಶೋಧನೆ, ತರ್ಕ, ಲೆಕ್ಕದ ಕೋಷ್ಟಕ. ನಾನೂ ಮೊದಲ ಸಲ ಫೇಲಾಗಿದ್ದು ಅಲ್ಲೇ. ಮೂರು ತಿಂಗಳು ಏಳನೇ ಕ್ಲಾಸಿನ ಗಣಿತ ಪುಸ್ತಕ ಇಟ್ಟುಕೊಂಡು ಶೇಕಡಾ ಲೆಕ್ಕ ಮಾಡಿದೆ. ನಾಚಿಕೆಯೇನಿಲ್ಲ. 2023ರ ಜುಲೈಯಿಂದ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಪಿಎಚ್‌ಡಿ ಕಡ್ಡಾಯವಲ್ಲ, ನೆಟ್ ಅಥವಾ ಸೆಟ್ ಸಾಕು. ಆದರೆ ಮೇಲಿನ ಹುದ್ದೆಗೆ ಪಿಎಚ್‌ಡಿ ಬೇಕೇ ಬೇಕು.

ಈಗ ದುಡ್ಡಿನ ಮಾತು. ಯುಜಿಸಿ ಸ್ಕೇಲಿನಲ್ಲಿ ಆರಂಭದ ಮೂಲ ವೇತನ 57,700 ರೂಪಾಯಿ. ಕೇಳಲು ಚೆನ್ನಾಗಿದೆ, ಆದರೆ ಅದು ಕಾಯಂ ಆದವರಿಗೆ. ಜಾಸ್ತಿ ಜನ ಶುರು ಮಾಡುವುದು ಅತಿಥಿ ಉಪನ್ಯಾಸಕರಾಗಿ. ನಾನು ಮೊದಲು ಸೇರಿದ ಕಾಲೇಜಿನಲ್ಲಿ ನಾಲ್ಕು ತಿಂಗಳು ಸಂಬಳವೇ ಬರಲಿಲ್ಲ. ಯಾವಾಗ ಕೇಳಿದರೂ "ಬಿಲ್ ಪಾಸಾಗಿಲ್ಲ ಮೇಡಂ" ಅನ್ನುವ ಒಂದೇ ಉತ್ತರ. ಬೆಳಗ್ಗೆ ಪಾಠ, ಆಮೇಲೆ ಕೋರ್ಟಿಗೆ ಓಡಿ ಜಾಮೀನು ಅರ್ಜಿ ಹಾಕಿ ಬಸ್ ಚಾರ್ಜು, ರೂಮ್ ಬಾಡಿಗೆ ದುಡಿದೆ. ಹಾಗಾಗಿ ಕಾಯಂ ಆಗುವವರೆಗೆ ವಕೀಲಿಕೆಯ ಸನ್ನದು ಬಿಡಬೇಡಿ. ವಕೀಲರು ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಪಾಠ ಮಾಡಬಹುದು ಎಂದು 1979ರ ನಿಯಮವೇ ಇದೆ. ಪೂರ್ಣಾವಧಿ ಕೆಲಸ ಸಿಕ್ಕ ಮೇಲೆ ಮಾತ್ರ ಬಾರ್ ಕೌನ್ಸಿಲಿಗೆ ತಿಳಿಸಿ ವಕೀಲಿಕೆ ನಿಲ್ಲಿಸಬೇಕು.

ನಿಲ್ಲಿಸುವ ಮೊದಲು ಎರಡು ಮೂರು ವರ್ಷವಾದರೂ ತಾಲ್ಲೂಕು ಕೋರ್ಟಿನಲ್ಲಿ ಕೂತಿರಿ. ಕಾನೂನು ಅದನ್ನು ಕೇಳುವುದಿಲ್ಲ, ಕೇಳುವುದು ನಾನು. ಹಳೆಯ ಎವಿಡೆನ್ಸ್ ಆಕ್ಟಿನ (ಸಾಕ್ಷ್ಯ ಕಾಯ್ದೆ) 27ನೇ ಕಲಂ ನನಗೆ ಬಾಯಿಪಾಠವಿತ್ತು, ಅರ್ಥವಾಗಿರಲಿಲ್ಲ. ಒಂದು ದಿನ ಪಂಪ್‌ಸೆಟ್ ಕಳ್ಳತನದ ಕೇಸು. ಮಾಲು ಸಿಕ್ಕಿದ್ದರ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚ ಕಟಕಟೆಗೆ ಬಂದ. ಮೋಟಾರು ಸಿಕ್ಕ ಜಾಗ ನೋಡಿದ್ದೀರಾ ಎಂದು ಪಾಟಿ ಸವಾಲಿನಲ್ಲಿ ಕೇಳಿದರೆ, "ಜಾಗ ಗೊತ್ತಿಲ್ಲ ಸ್ವಾಮಿ, ಸಹಿ ಹಾಕಿ ಅಂದ್ರು, ಹಾಕಿದೆ" ಅಂದ. ಅಲ್ಲಿಗೆ ಕೇಸು ನೆಲಕ್ಕೆ ಬಿತ್ತು. ಆ ಕಲಂ ಹೇಳುವುದು ಇದನ್ನೇ: ಆರೋಪಿ ಪೊಲೀಸರ ಮುಂದೆ "ನಾನೇ ಕದ್ದೆ, ಕೊಟ್ಟಿಗೆ ಅಟ್ಟದಲ್ಲಿ ಇಟ್ಟಿದ್ದೀನಿ" ಅಂದರೆ, "ನಾನೇ ಕದ್ದೆ" ಅನ್ನುವುದು ಕೋರ್ಟಿಗೆ ಬೇಡ. "ಅಟ್ಟದಲ್ಲಿ ಇಟ್ಟಿದ್ದೀನಿ" ಅನ್ನುವುದಷ್ಟೇ ನಿಲ್ಲುತ್ತದೆ, ಅದೂ ಮೋಟಾರು ಅಲ್ಲೇ ಸಿಕ್ಕಿದೆ ಎಂದು ಯಾರಾದರೂ ಗಟ್ಟಿಯಾಗಿ ಹೇಳಿದರೆ. ಇವತ್ತಿಗೂ ಈ ಕಲಮನ್ನು ನಾನು ಆ ಪಂಚನಿಂದಲೇ ಶುರು ಮಾಡುತ್ತೇನೆ.

ಇನ್ನೊಂದು ತಲೆನೋವು ಹೊಸ ಕಾನೂನು. 2024ರ ಜುಲೈ 1ರಿಂದ ಐಪಿಸಿಯ 511 ಕಲಂ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 358 ಕಲಂ ಬಂದವು. ಕೊಲೆಯ ಶಿಕ್ಷೆಗೆ 302 ಹೋಗಿ 103 ಆಯಿತು. 420 ಈಗ 318, ಬೈಯಲಿಕ್ಕೂ ರುಚಿಯಿಲ್ಲ ಅಲ್ವಾ? ಆದರೆ ಆ ದಿನಕ್ಕಿಂತ ಮುಂಚಿನ ಅಪರಾಧಗಳಿಗೆ ಐಪಿಸಿಯೇ ಅನ್ವಯ, ಹಾಗಾಗಿ ಎರಡೂ ಗೊತ್ತಿರಬೇಕು. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಡಗಡೆ ಹಳೆಯದು, ಬಲಗಡೆ ಹೊಸದು ಎಂದು ಕೈಯಲ್ಲೇ ಬರೆಯಿರಿ. ಸುಮ್ನೆ ನಂಬರ್ ಹೊಂದಿಸಿದರೆ ಏನೂ ಸಿಗುವುದಿಲ್ಲ, ಮಾತು ಎಲ್ಲಿ ಬದಲಾಗಿದೆ ನೋಡಿ. ಐದು ಸಾವಿರಕ್ಕಿಂತ ಕಡಿಮೆ ಬೆಲೆಯ ಕಳ್ಳತನ, ಮೊದಲ ಸಲದ ಶಿಕ್ಷೆ, ಮಾಲೋ ಅದರ ಬೆಲೆಯೋ ವಾಪಸ್ ಬಂದಿದ್ದರೆ ಈಗ ಸಮುದಾಯ ಸೇವೆ. ಐದು ಸಾವಿರಕ್ಕೆ ಎಷ್ಟು ಕೆಜಿ ರಾಶಿ ಅಡಿಕೆ ಬರುತ್ತದೆ ಎಂದು ಆವತ್ತಿನ ರೇಟು ನೋಡಿ ಮಕ್ಕಳ ಹತ್ತಿರವೇ ಲೆಕ್ಕ ಹಾಕಿಸುತ್ತೇನೆ. ಆಮೇಲೆ ಯಾರೂ ಮರೆಯುವುದಿಲ್ಲ.

ತೀರ್ಪುಗಳನ್ನೂ ಹಾಗೇ ಊರಿಗೆ ತನ್ನಿ. ಬಿಹಾರದ ಚೆರುಬಿನ್ ಗ್ರೆಗೊರಿ ಎಂಬಾತ, ಪಕ್ಕದ ಮನೆಯವರು ತನ್ನ ಪಾಯಿಖಾನೆಗೆ ಬರದಿರಲಿ ಎಂದು ಕರೆಂಟಿನ ತಂತಿ ಕಟ್ಟಿದ. ಒಬ್ಬ ಹೆಂಗಸು ಸತ್ತಳು. ಜಾಗ ನನ್ನದು, ಅವಳೇ ಅಕ್ರಮವಾಗಿ ಬಂದಳು ಎಂಬ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇದನ್ನು ಹೇಳಿ, "ಹಂದಿ ಕಾಟಕ್ಕೆ ಗದ್ದೆ ಬೇಲಿಗೆ ಕರೆಂಟು ಕೊಟ್ಟರೆ?" ಎಂದು ಕೇಳಿದರೆ ಇಡೀ ಕ್ಲಾಸು ಎದ್ದು ಕೂರುತ್ತದೆ. ಎಲ್ಲರ ಊರಿನಲ್ಲೂ ಅಂಥ ಬೇಲಿ ನೋಡಿದವರು ಇರುತ್ತಾರೆ. ಜುಲೈ ತಿಂಗಳಲ್ಲಿ ಮಾತ್ರ ಶೀಟಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಪಾಠವೇ ಕೇಳುವುದಿಲ್ಲ. ಆಗ ಬೋರ್ಡಿನ ಮೇಲೆ ಸಮಸ್ಯೆ ಬರೆದು ಉತ್ತರ ಬರೆಸಿ, ಗಂಟಲು ಉಳಿಸಿಕೊಳ್ಳಿ.

ಈ ಕೆಲಸ ಕ್ಲಾಸ್‌ರೂಮಿಗೇ ಮುಗಿಯಬೇಕೆಂದೂ ಇಲ್ಲ. 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಾಗಮ್ವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮಥುರಾ ಎಂಬ ಹುಡುಗಿಯ ಮೇಲೆ ಠಾಣೆಯಲ್ಲಿ ನಡೆದ ಅತ್ಯಾಚಾರದ ಪ್ರಕರಣದಲ್ಲಿ ಪೊಲೀಸರನ್ನು ಬಿಟ್ಟುಬಿಟ್ಟ ಸುಪ್ರೀಂ ಕೋರ್ಟ್ ತೀರ್ಪಿನ ವಿರುದ್ಧ ಮುಖ್ಯ ನ್ಯಾಯಮೂರ್ತಿಗೇ ಬಹಿರಂಗ ಪತ್ರ ಬರೆದರು. ಅಲ್ಲಿಂದ ಎದ್ದ ಚಳವಳಿಯಿಂದ 1983ರಲ್ಲಿ ಅತ್ಯಾಚಾರದ ಕಾನೂನೇ ತಿದ್ದುಪಡಿಯಾಯಿತು.

ಕೊನೆಯದಾಗಿ ಇಂಟರ್‌ವ್ಯೂ. ಡೆಮೊ ಕ್ಲಾಸಿಗೆ ಒಂದೇ ಕಲಂ ಹಿಡಿಯಿರಿ. ನಾನು ಕಳ್ಳತನ ಹಿಡಿದಿದ್ದೆ. ಮರದಲ್ಲಿರುವ ಅಡಿಕೆ ಗೊನೆ ಭೂಮಿಗೆ ಅಂಟಿಕೊಂಡ ವಸ್ತು, ಅದು ಚರ ಸೊತ್ತಲ್ಲ. ಕೊಯ್ದ ಕ್ಷಣವೇ ಚರ ಸೊತ್ತು. ಕದಿಯುವ ಉದ್ದೇಶದಿಂದ ಕೊಯ್ದರೆ ಆ ಕ್ಷಣವೇ ಕಳ್ಳತನವಾಗಿ ಹೋಯಿತು, ಹೊತ್ತು ಬೇಲಿ ದಾಟಬೇಕಾಗಿಲ್ಲ. ಅಷ್ಟರಲ್ಲಿ ಎದುರು ಕೂತ ಹಿರಿಯರೊಬ್ಬರು, "ಅಲ್ಲಮ್ಮಾ, ತೋಟ ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಟ್ಟ ಮೇಲೆ ಯಜಮಾನನೇ ರಾತ್ರಿ ಹೋಗಿ ಕೊಯ್ದರೆ?" ಅಂದರು. ರಿಪೇರಿ ದುಡ್ಡು ಕೊಟ್ಟಿಲ್ಲವೆಂದು ಅಂಗಡಿಯವನು ತಡೆದಿಟ್ಟ ತನ್ನದೇ ಗಡಿಯಾರ ಎತ್ತಿಕೊಂಡು ಹೋದವನೂ ಕಳ್ಳನೇ, ಕಾನೂನು ನೋಡುವುದು ಒಡೆತನವನ್ನಲ್ಲ, ಸ್ವಾಧೀನವನ್ನು ಎಂದೆ. ಅವರು ಒಪ್ಪಲಿಲ್ಲ. ಪಕ್ಕದವರು ಚೇಣಿದಾರನ ಪರ ನಿಂತರು. ನನಗೆ ಕೊಟ್ಟಿದ್ದು ಹತ್ತು ನಿಮಿಷ. ಅಟೆಂಡರ್ ಬಂದು ಹೊರಗೆ ಇನ್ನೂ ಆರು ಜನ ಕಾಯುತ್ತಿದ್ದಾರೆ ಎಂದು ಹೇಳುವವರೆಗೆ ಇಬ್ಬರ ಜಗಳ ನಡೆದೇ ಇತ್ತು.